ಕಿರುನಾದಲ್ಲಿ ನಾರ್ದರ್ನ್ ಲೈಟ್ಸ್ ಕಾಣದಿದ್ದರೆ ಬೇರೆ ಏನು ನೋಡಬಹುದು?

ಜನವರಿ ಕೊನೆಗೆ ಉತ್ತರ ಸ್ವೀಡನ್ನಿನ ಕಿರುನಾದಲ್ಲಿ ಎರಡು ದಿನ ಇರುತ್ತೀರಿ, ಮೋಡ ಕವಿದು ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಕಾಣದಿದ್ದರೆ ದುಡ್ಡು ದಂಡವಾಗುತ್ತಾ, ಊರಿನ ಇತಿಹಾಸ ತಿಳಿಯಲು ಏನಾದರೂ ಇದೆಯಾ ಅಂತ ಕೇಳಿದ್ದೀರಿ. ನನ್ನ ಕಥೆ ಹೇಳುತ್ತೇನೆ. 2023ರ ಮಾರ್ಚ್‌ನಲ್ಲಿ ಹೋಗಿದ್ದೆ. ಮೂರು ರಾತ್ರಿಯೂ ಮೋಡ. ಒಂದು ಹಸಿರು ಗೆರೆಯೂ ಕಾಣಲಿಲ್ಲ. ಆದರೂ ಬೇಜಾರಾಗಲಿಲ್ಲ, ಯಾಕೆಂದರೆ ಆಗ ಇಡೀ ಊರೇ ಗಂಟುಮೂಟೆ ಕಟ್ಟುತ್ತಿತ್ತು.

ನಾನು ಬೆಳೆದಿದ್ದು ಕುದುರೆಮುಖದ ಟೌನ್‌ಶಿಪ್‌ನಲ್ಲಿ. ಗಣಿ ಊರು ಅಂದರೆ ನನ್ನ ಕಿವಿ ತಾನಾಗೇ ನೆಟ್ಟಗಾಗುತ್ತದೆ. ಎರಡೂ ಕಡೆ ಸಿಗುವುದು ಒಂದೇ, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರು. 2005ರ ಕೊನೆಗೆ ಕುದುರೆಮುಖದಲ್ಲಿ ಗಣಿ ನಿಂತಿತು. ಕ್ವಾರ್ಟರ್ಸ್‌ಗಳು ಒಂದೊಂದಾಗಿ ಖಾಲಿಯಾದವು. ಕಿರುನಾದಲ್ಲಿ ತದ್ವಿರುದ್ಧ. ಗಣಿ ನಿಲ್ಲುತ್ತಿಲ್ಲ, ಅದಕ್ಕೇ ಜನ ಮನೆ ಬಿಡಬೇಕಾಗಿದೆ.

ಕಾರಣ ಹೇಳುತ್ತೇನೆ, ಇದು ಗೊತ್ತಿದ್ದರೆ ಊರು ನೋಡುವ ಕಣ್ಣೇ ಬೇರೆಯಾಗುತ್ತದೆ. ಗೋಡೆಗೆ ಓರೆಯಾಗಿ ಒರಗಿಸಿಟ್ಟ ಹಲಗೆಯನ್ನು ನೆನಪಿಸಿಕೊಳ್ಳಿ. ಅದಿರು ಹಾಗೆ ನಿಂತಿದೆ. ಉದ್ದ 4 ಕಿಲೋಮೀಟರ್, ದಪ್ಪ ಸುಮಾರು 80 ಮೀಟರ್. ಮೇಲಿನ ತುದಿ ಕಿರುನವಾರ ಬೆಟ್ಟದಲ್ಲಿ, ಕೆಳಗೆ ಹೋದಂತೆಲ್ಲ ಊರಿನ ಅಡಿಗೆ ಜಾರುತ್ತದೆ. ಅದಿರು ತೆಗೆದ ಜಾಗದ ಮೇಲೆ ಪಕ್ಕದ ಬಂಡೆ ಕುಸಿಯುತ್ತದೆ. ಆಕಸ್ಮಿಕ ಅಂದುಕೊಳ್ಳಬೇಡಿ, ಅಲ್ಲಿ ಗಣಿ ನಡೆಸುವ ಕ್ರಮವೇ ಹಾಗೆ. ಈಗ ಅದಿರು ಸಾಗಿಸುವ ಮುಖ್ಯ ಹಂತ 1365 ಮೀಟರ್‌ನಲ್ಲಿದೆ. ಆಳಕ್ಕೆ ಹೋದಷ್ಟೂ ಮೇಲಿನ ಬಿರುಕು ಊರಿನ ಕಡೆ ಬರುತ್ತದೆ. 2004ರಲ್ಲಿ ಗಣಿ ಕಂಪನಿ ಎಲ್‌ಕೆಎಬಿ ಇದನ್ನು ಪುರಸಭೆಗೆ ತಿಳಿಸಿತು. 3 ಕಿಲೋಮೀಟರ್ ಪೂರ್ವಕ್ಕೆ ಕಟ್ಟಿದ ಹೊಸ ಪೇಟೆ 2022ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು.

ನನ್ನ ಸಲಹೆ ಇಷ್ಟೇ. ಮೊದಲು ಹಳೇ ಊರಿನ ಕಡೆ ಹೋಗಿ, ಆಮೇಲೆ ಹೊಸದಕ್ಕೆ. ಬೇಲಿ ದಾಟಬೇಡಿ, ಹೊರಗಿಂದಲೇ ಸಾಕಷ್ಟು ಕಾಣುತ್ತದೆ. ನಾನು ಹೋದಾಗ ಒಂದು ಮೂರು ಮಹಡಿ ಕಟ್ಟಡದ ಮುಂದೆ ನಿಂತಿದ್ದೆ. ಯಾವ ಕಿಟಕಿಗೂ ಪರದೆ ಇಲ್ಲ. ಬಾಗಿಲ ಪಕ್ಕದಲ್ಲಿ ಹಿಮ ತೆಗೆಯುವ ಸಲಿಕೆಯೊಂದು ಒರಗಿತ್ತು. ಮೆಟ್ಟಿಲ ಮೇಲೆ ಮೊಣಕಾಲೆತ್ತರ ಹಿಮ. ಸಲಿಕೆ ಇದೆ, ತೆಗೆಯುವವರಿಲ್ಲ. ಅಪ್ಪನಿಗೆ ಕಳಿಸೋಣ ಅಂತ ಫೋಟೋ ತೆಗೆದೆ, ಆಮೇಲೆ ಯಾಕೋ ಕಳಿಸಲಿಲ್ಲ.

ಇನ್ನು ಇತಿಹಾಸ. ಊರಿನ ಹೆಸರು ಬಂದಿದ್ದು ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಭಾಷೆಯ 'ಗಿರೋನ್' ಎಂಬ ಪದದಿಂದ. ಗೌಜಲಹಕ್ಕಿಯ ಹಾಗಿರುವ, ಚಳಿಗಾಲದಲ್ಲಿ ಬೆಳ್ಳಗಾಗುವ ಒಂದು ಹಕ್ಕಿ ಅದು. ಅಲ್ಲಿ ಹಿಮಸಾರಂಗ ಮೇಯಿಸುತ್ತಿದ್ದ ಸಾಮಿ ಜನರಿಗೆ ಆ ಬೆಟ್ಟಗಳು ಮೊದಲಿಂದಲೂ ಗೊತ್ತು. ಕಂಪನಿ ಶುರುವಾಗಿದ್ದು 1890ರಲ್ಲಿ. ಅದಿರು ಇತ್ತು, ಸಾಗಿಸುವ ದಾರಿ ಇರಲಿಲ್ಲ. ಸ್ವೀಡನ್ ಕಡೆಯ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೆಟ್ಟ ಕೊರೆದು ನಾರ್ವೆಯ ನಾರ್ವಿಕ್ ಬಂದರಿಗೆ ಹಳಿ ಹಾಕಿದರು. 1903ರಲ್ಲಿ ಅದರ ಉದ್ಘಾಟನೆಯಾಯಿತು. ಆ ಹಳಿಯ ಮೇಲೆ ಈಗಲೂ 68 ಬೋಗಿಗಳ ಅದಿರಿನ ರೈಲು ಓಡುತ್ತದೆ. ಎಣಿಸಿ ನೋಡಿ, ಮಜಾ ಇರುತ್ತದೆ. ನಾನು ನಲವತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿದೆ.

ಗಣಿಯ ಮೊದಲ ಮುಖ್ಯಸ್ಥ ಯಾಲ್ಮಾರ್ ಲುಂಡ್‌ಬೂಮ್ ಭೂವಿಜ್ಞಾನಿ. ಗುಡಿಸಲುಗಳ ಕೊಂಪೆ ಬೇಡ, ಸರಿಯಾದ ಊರೇ ಬೇಕು ಅಂತ ಹಟ ಹಿಡಿದವನು. ತಗ್ಗಿನಲ್ಲಿ ಚಳಿ ಜಾಸ್ತಿ, ಹಾಗಾಗಿ ಬೆಟ್ಟದ ಇಳಿಜಾರಿನಲ್ಲಿ ಊರು ಕಟ್ಟಿಸಿದ. ಗಾಳಿ ನೇರ ನುಗ್ಗದಿರಲಿ ಅಂತ ಬೀದಿಗಳನ್ನು ಬಾಗಿಸಿದರು. 1907ಕ್ಕೇ ಟ್ರಾಮ್ ಓಡುತ್ತಿತ್ತು ಅಂದರೆ ನೋಡಿ! ಈಗ ಹೊಸ ಪೇಟೆಯ ಕೆಫೆಯಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿಯ ದೂರೂ ಅದೇ. "ಈ ಜಾಗ ತಗ್ಗು, ಚಳಿ ಜಾಸ್ತಿ. ಹಳಬರು ಯೋಚನೆ ಮಾಡಿ ಕಟ್ಟಿದ್ದರು" ಅಂದರು. ಹೊಸ ಪುರಸಭೆ ಕಟ್ಟಡ ಚೆನ್ನಾಗಿದೆ, ಪಕ್ಕದಲ್ಲಿ ಹಳೆಯ ಗಡಿಯಾರ ಗೋಪುರವನ್ನೂ ತಂದು ನಿಲ್ಲಿಸಿದ್ದಾರೆ. ಅಜ್ಜಿಗೆ ಅದೂ ಹಿಡಿಸಿರಲಿಲ್ಲ.

ಚರ್ಚ್ ಮಾತ್ರ ತಪ್ಪಿಸಬೇಡಿ. 1912ರಲ್ಲಿ ಮುಗಿದ ಮರದ ಕಟ್ಟಡ, ಸಾಮಿ ಜನರ ಗುಡಾರದ ಆಕಾರ. ನಾನು ಒಳಗೆ ಕೂತಾಗ ಅದಿನ್ನೂ ಹಳೇ ಜಾಗದಲ್ಲೇ ಇತ್ತು. ಪೀಠದ ಹಿಂದೆ ಯೇಸುವಿನ ಚಿತ್ರ ಇಲ್ಲ. ಇರುವುದು ಬಿಸಿಲು ಬಿದ್ದ ಒಂದು ಮರಗಳ ತೋಪು. ಹೊರಗೆ ಮೈನಸ್ ಹದಿನೆಂಟು ಇದ್ದಾಗ ಆ ಬಿಸಿಲನ್ನು ನೋಡಬೇಕು! 2025ರ ಆಗಸ್ಟ್ 19 ಮತ್ತು 20ರಂದು ಆ 672 ಟನ್ ಚರ್ಚನ್ನು ಬಿಚ್ಚದೆ, ಇಡಿಯಾಗಿ ಎತ್ತಿ, ಗಾಲಿಗಳ ಮೇಲೆ 5 ಕಿಲೋಮೀಟರ್ ಸಾಗಿಸಿದರು. ಟಿವಿಯಲ್ಲಿ ನೇರಪ್ರಸಾರ ಇತ್ತು. ನಾನು ಆಫೀಸ್ ಕೆಲಸ ಬಿಟ್ಟು ನೋಡಿದೆ. ನಮ್ಮೂರ ತೇರು ಇದಕ್ಕಿಂತ ಜೋರಾಗಿ ಹೋಗುತ್ತದೆ. ಒಳಗೆ ಬಿಡುತ್ತಾರಾ ಅಂತ ಹೊರಡುವ ಮೊದಲು ವಿಚಾರಿಸಿ.

ಈ ಸ್ಥಳಾಂತರದ ಕಥೆಯನ್ನು ಎಲ್ಲರೂ ಹಬ್ಬದ ಹಾಗೆ ಹೇಳುತ್ತಾರೆ. ಸಾಮಿ ಜನರ ಮಾತು ಅದರಲ್ಲಿ ಜಾಸ್ತಿ ಬರುವುದಿಲ್ಲ. 2023ರ ಜನವರಿಯಲ್ಲಿ ಊರಿನ ಹತ್ತಿರ ಅಪರೂಪದ ಲೋಹಗಳಿರುವ ದೊಡ್ಡ ನಿಕ್ಷೇಪ ಇದೆಯೆಂದು ಕಂಪನಿ ಪ್ರಕಟಿಸಿತು. ಅಲ್ಲಿಯೂ ಅಗೆದರೆ ಹಿಮಸಾರಂಗಗಳು ಓಡಾಡುವ ದಾರಿ ಕತ್ತರಿಸಿಹೋಗುತ್ತದೆ ಎಂಬುದು ಗಾಬ್ನಾ ಸಾಮಿ ಸಮುದಾಯದ ಆತಂಕ. ಸಾಮಿ ಜನರೇ ನಡೆಸುವ ಪ್ರವಾಸ ಸಿಕ್ಕರೆ ಅದನ್ನೇ ಆರಿಸಿ.

ನಿಮಗೆ ಖುಷಿಯಾಗುವ ಇನ್ನೊಂದು ವಿಷಯ. ಚಂದ್ರಯಾನ-1ರಲ್ಲಿದ್ದ 'ಸಾರಾ' ಉಪಕರಣದಲ್ಲಿ ಕಿರುನಾದ ಬಾಹ್ಯಾಕಾಶ ಸಂಸ್ಥೆಯ ಕೈ ಇತ್ತು.

ಸ್ಟಾಕ್‌ಹೋಮ್‌ನಿಂದ ರಾತ್ರಿ ರೈಲು ಹಿಡಿಯಿರಿ. ಸ್ಟೇಷನ್ ಪೇಟೆಯಿಂದ ದೂರ, ಬಸ್ಸು ಹತ್ತಬೇಕು. ಬೂಟಿಗೆ ದುಡ್ಡು ಉಳಿಸಬೇಡಿ. ರಾತ್ರಿ ಒಂದೂವರೆ ಸುಮಾರಿಗೆ ಗಣಿಯಲ್ಲಿ ಬ್ಲಾಸ್ಟಿಂಗ್ ಮಾಡುತ್ತಾರೆ. ಮೊದಲ ರಾತ್ರಿ ಮೇಜಿನ ಮೇಲಿದ್ದ ನೀರಿನ ಲೋಟ ಸಣ್ಣಗೆ ಕಿಣಿಕಿಣಿ ಅಂದಾಗ ನಾನು ಎದ್ದು ಕೂತುಬಿಟ್ಟೆ. ಬೆಳಿಗ್ಗೆ ರಿಸೆಪ್ಷನ್‌ನಲ್ಲಿದ್ದ ಹುಡುಗನನ್ನು ಕೇಳಿದರೆ, "ನಿನ್ನೆ ಆಯ್ತಾ?" ಅಂತ ನನ್ನನ್ನೇ ಕೇಳಿದ.