ನೀರಿನ ಲೆಕ್ಕ ಸಾಕು, ಊಟದ ಲೆಕ್ಕ ಇಡಿ

ದೂರದ ಸೈಕಲ್ ಪ್ರವಾಸದಲ್ಲಿ ಏನು ತಿನ್ನಬೇಕು, ಏನು ಕುಡಿಯಬೇಕು ಅಂತ ಕೇಳಿ ಬಂದ ಪತ್ರಗಳನ್ನೆಲ್ಲ ಮುಂದಿಟ್ಟುಕೊಂಡು ಕೂತಿದ್ದೇನೆ. ಹೆಚ್ಚುಕಡಿಮೆ ಎಲ್ಲವೂ ಕುಡಿಯುವುದರ ಬಗ್ಗೆಯೇ. ಎಷ್ಟು ಲೀಟರ್, ಯಾವ ಪುಡಿ, ಎಳನೀರು ಸಾಕಾ. ತಿನ್ನುವುದನ್ನು ಕೇಳಿದವರು ಬೆರಳೆಣಿಕೆ. ಬೆಳಗ್ಗೆ ತಿಂಡಿ ಬಿಡಬೇಡಿ, ಕೈ ತೊಳೆದು ತಿನ್ನಿ ಅಂತೆಲ್ಲ ನಾನು ಬರೆಯುವುದಿಲ್ಲ. ಅದು ಗೊತ್ತಿಲ್ಲದವರು ಘಾಟಿ ಹತ್ತುವ ಮಾತು ಆಮೇಲೆ ಆಡಲಿ.

ಪ್ರಶ್ನೆ: ಡಾಕ್ಟರೇ, ಮಾರ್ಚ್‌ನಲ್ಲಿ ನಾವು ಗೆಳೆಯರು ಬೆಂಗಳೂರಿನಿಂದ ಗೋಕರ್ಣಕ್ಕೆ ಸೈಕಲ್‌ನಲ್ಲಿ ಹೊರಟೆವು. ಮೂರನೇ ದಿನ ಸಾಗರದಿಂದ ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರ ಸೇರುವಷ್ಟರಲ್ಲಿ ನನಗೆ ತಲೆನೋವು, ವಾಂತಿ. ಬೆರಳು ಊದಿ ಉಂಗುರ ಬಿಗಿಯಾಯಿತು. ಡೀಹೈಡ್ರೇಶನ್ ಅಂತ ಗೆಳೆಯರು ಇನ್ನೂ ಎರಡು ಬಾಟಲಿ ನೀರು ಕುಡಿಸಿದರು. ಆಸ್ಪತ್ರೆಯಲ್ಲಿ ರಕ್ತ ನೋಡಿ ಸೋಡಿಯಂ ಕಡಿಮೆ ಇದೆ ಅಂದರು. ಆ ದಿನ ಎಂಟು ಒಂಬತ್ತು ಲೀಟರ್ ನೀರು, ಮೂರು ಎಳನೀರು ಕುಡಿದಿದ್ದೆ. ಹೊಟ್ಟೆ ಭಾರ ಆಗಬಾರದು ಅಂತ ಹಣ್ಣು ಬಿಟ್ಟು ಬೇರೇನೂ ತಿಂದಿರಲಿಲ್ಲ. ಇಷ್ಟು ಹುಷಾರಾಗಿದ್ದರೂ ಹೀಗ್ಯಾಕಾಯಿತು?

ಉತ್ತರ: ಹುಷಾರಾಗಿದ್ದರೂ ಅಲ್ಲ, ಆ ಹುಷಾರಿನಿಂದಲೇ ಆಯಿತು.

ನಿಮ್ಮ ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ ಸೋಡಿಯಂ ಇರಬೇಕು. ಬೆವರಿನಲ್ಲಿ ಉಪ್ಪು ಹೋಗುತ್ತಲೇ ಇರುತ್ತದೆ. ಒಬ್ಬೊಬ್ಬರದು ಒಂದೊಂದು ಥರ, ಆದರೆ ಒಂದು ಲೀಟರ್ ಬೆವರಿಗೆ ಸುಮಾರು ಒಂದು ಗ್ರಾಂ ಸೋಡಿಯಂ ಅಂತ ಇಟ್ಟುಕೊಳ್ಳಿ. ಸೈಕಲ್ ತುಳಿದು ಜೆರ್ಸಿ ಒಣಗಿದಾಗ ಬೆನ್ನಿನ ಮೇಲೆ ಬಿಳಿ ಗೆರೆ ಮೂಡುತ್ತದಲ್ಲ, ಅದೇ ಈ ಉಪ್ಪು. ಅದು ಹೋದ ಜಾಗಕ್ಕೆ ನೀವು ತುಂಬಿದ್ದು ಬರೀ ನೀರು. ಸುಮ್ನೆ ಕೂತಿದ್ದಾಗ ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಗೆ ಹಾಕಿಬಿಡುತ್ತದೆ. ಆದರೆ ಗಂಟೆಗಟ್ಟಲೆ ದಣಿದಾಗ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವ ಹಾರ್ಮೋನ್ ಬಿಡುತ್ತದೆ. ಮೂತ್ರ ಕಡಿಮೆಯಾಗುತ್ತದೆ, ನೀರು ಒಳಗೇ ಉಳಿಯುತ್ತದೆ, ಸೋಡಿಯಂ ತೆಳುವಾಗುತ್ತದೆ. ಬೆರಳು ಊದುವುದು, ತಲೆನೋವು, ವಾಂತಿ ಶುರುವಾಗುತ್ತವೆ. ಇನ್ನೂ ಇಳಿದರೆ ಮಿದುಳು ಊದಿಕೊಂಡು ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು.

ಇದು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ಅಂತ ತಳ್ಳಿಹಾಕಬೇಡಿ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಜನರ ರಕ್ತ ಪರೀಕ್ಷೆ ಮಾಡಿದಾಗ ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕಡಿಮೆ ಇತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಎದ್ದು ಕಂಡ ಕಾರಣ ಒಂದೇ: ಓಟದ ನಡುವೆ ತೂಕ ಹೆಚ್ಚಾಗಿರುವುದು. ಅಂದರೆ ಬೆವರಿದ್ದಕ್ಕಿಂತ ಜಾಸ್ತಿ ಕುಡಿದಿದ್ದಾರೆ. ಅವರು ಕುಡಿದದ್ದು ಬರೀ ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನುವುದರಿಂದ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಪುಡಿ ಕಲಸಿಕೊಂಡಿದ್ದೇನೆ, ಎಷ್ಟು ಕುಡಿದರೂ ಸೇಫ್ ಅಂದುಕೊಂಡಿರುವವರು ಈ ಸಾಲನ್ನು ಇನ್ನೊಮ್ಮೆ ಓದಿ.

ಈಗ ಎಳನೀರು. ಅದರ ಬಗ್ಗೆ ಮಾತಾಡಿದರೆ ನಮ್ಮ ಜನಕ್ಕೆ ಕೋಪ ಬರುತ್ತದೆ, ಬರಲಿ. ಎಳನೀರಿನಲ್ಲಿ ಇರುವುದು ಹೆಚ್ಚಾಗಿ ಪೊಟ್ಯಾಸಿಯಂ. ಬೆವರಿನಲ್ಲಿ ಹೋಗುವುದು ಹೆಚ್ಚಾಗಿ ಸೋಡಿಯಂ. ಒಂದು ಎಳನೀರು ಕುಡಿಯಿರಿ, ರುಚಿಯಾಗಿರುತ್ತದೆ, ನಾನೂ ಕುಡಿಯುತ್ತೇನೆ. ಜೊತೆಗೆ ಒಂದಿಷ್ಟು ಉಪ್ಪಿನ ಕಡಲೆಬೀಜ ತಿನ್ನಿ. ಆದರೆ ಮೂರು ಎಳನೀರು ಕುಡಿದು ಉಪ್ಪಿನ ಸಾಲ ತೀರಿತು ಅಂದುಕೊಳ್ಳಬೇಡಿ. ಮೂತ್ರಪಿಂಡದ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಂದು ಎಳನೀರಿಗೂ ತಮ್ಮ ಡಾಕ್ಟರನ್ನು ಕೇಳಬೇಕು.

ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿದಾಗ ಕುಡಿಯಿರಿ. "ಬಾಯಾರಿಕೆ ಆಯಿತೆಂದರೆ ಆಗಲೇ ತಡವಾಯಿತು" ಎನ್ನುವ ಮಾತನ್ನು ಬಾಟಲಿ ಮಾರುವವರಿಗೆ ಬಿಟ್ಟುಬಿಡಿ. ನಿಮ್ಮ ಬೆವರಿನ ಅಂದಾಜು ಬೇಕಿದ್ದರೆ ಹೊರಡುವ ಮೊದಲೇ ಮನೆಯಲ್ಲಿ ನೋಡಿಕೊಳ್ಳಿ. ಒಂದು ಗಂಟೆ ತುಳಿಯುವ ಮುಂಚೆ ಮೂತ್ರ ಮಾಡಿ ತೂಕ ನೋಡಿ. ಬಂದ ಮೇಲೆ ಬೆವರು ಒರೆಸಿ, ಒದ್ದೆ ಬಟ್ಟೆ ಬಿಚ್ಚಿ ಮತ್ತೆ ನೋಡಿ. ಅರ್ಧ ಕಿಲೋ ಇಳಿದಿದೆ, ನಡುವೆ ಅರ್ಧ ಲೀಟರ್ ಕುಡಿದಿದ್ದೀರಿ ಅಂದರೆ ನಿಮ್ಮ ಬೆವರು ಗಂಟೆಗೆ ಸುಮಾರು ಒಂದು ಲೀಟರ್. ದಿನದ ಕೊನೆಗೆ ತೂಕ ಸ್ವಲ್ಪ ಇಳಿದಿದ್ದರೆ ಚಿಂತೆಯಿಲ್ಲ, ರಾತ್ರಿ ಊಟದಲ್ಲಿ ವಾಪಸ್ ಬರುತ್ತದೆ. ಏರಿದ್ದರೆ ಮಾತ್ರ ಎಚ್ಚರ.

ಇದೆಲ್ಲದಕ್ಕಿಂತ ನನಗೆ ಸಿಟ್ಟು ಬಂದಿದ್ದು ನಿಮ್ಮ ಪತ್ರದ ಇನ್ನೊಂದು ಸಾಲಿಗೆ. ಹಣ್ಣು ಬಿಟ್ಟು ಬೇರೇನೂ ತಿಂದಿಲ್ಲ! ಅನ್ನ, ಸಾರು, ಉಪ್ಪಿನಕಾಯಿ, ಮಜ್ಜಿಗೆ ಇಷ್ಟು ಹೊಟ್ಟೆಗೆ ಬಿದ್ದಿದ್ದರೆ ಉಪ್ಪು ಅದರಲ್ಲೇ ಬರುತ್ತಿತ್ತು. ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಪಿಷ್ಟ ಎಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ. ಜೋರಾಗಿ ತುಳಿದರೆ ಎರಡು ಗಂಟೆಯ ಸುಮಾರಿಗೆ ಅದು ತಳ ಕಾಣುತ್ತದೆ. ಆಮೇಲೆ ಕಾಲು ಪಂಕ್ಚರ್ ಆದ ಟ್ಯೂಬಿನ ಥರ. ಎಷ್ಟು ನೀರು ಕುಡಿದರೂ ಗಾಳಿ ತುಂಬುವುದಿಲ್ಲ.

ಆದ್ದರಿಂದ ಮೊದಲ ಗಂಟೆಯಿಂದಲೇ, ಹಸಿವಿಗೆ ಕಾಯದೆ, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಅಥವಾ ಸಕ್ಕರೆ, ಒಳಗೆ ಹೋಗಬೇಕು. ಎರಡು ಏಲಕ್ಕಿ ಬಾಳೆಹಣ್ಣು, ಒಂದು ತುಂಡು ಚಿಕ್ಕಿ ಅಂದರೆ ಮೂವತ್ತರ ಆಸುಪಾಸು ಬಂತು. ಎರಡು ಇಡ್ಲಿ ಇಪ್ಪತ್ತು ದಾಟುತ್ತದೆ. ಅಂಗಡಿಯ ಜೆಲ್ ಕೊಳ್ಳುವವರು ಕೊಳ್ಳಲಿ. ನನ್ನ ಆಯ್ಕೆ ಪುಳಿಯೋಗರೆ. ಹಿಂದಿನ ರಾತ್ರಿ ಕಲಸಿ, ಎಣ್ಣೆ ಸ್ವಲ್ಪ ಕಡಿಮೆ, ಉಪ್ಪು ಒಂದು ಚಿಟಿಕೆ ಮುಂದೆ. ಬೆಳಗ್ಗೆ ನಿಂಬೆಹಣ್ಣಿನ ಗಾತ್ರಕ್ಕೆ ಬಿಗಿಯಾಗಿ ಉಂಡೆ ಕಟ್ಟಿ, ಬಾಡಿಸಿದ ಬಾಳೆಎಲೆಯ ತುಂಡಿನಲ್ಲಿ ಒಂದೊಂದನ್ನೇ ಸುತ್ತಿ ಹ್ಯಾಂಡಲ್ ಬ್ಯಾಗಿಗೆ ಹಾಕಿ. ಕಡಲೆಬೀಜ ಇಡಿಯಾಗಿ ಬೇಡ, ಏದುಸಿರಿನಲ್ಲಿ ಗಂಟಲಿಗೆ ಹೋಗುತ್ತದೆ, ಕುಟ್ಟಿ ಹಾಕಿ. ಮಧ್ಯಾಹ್ನದೊಳಗೆ ಮುಗಿಸಿ. ಉಳಿದರೆ ಎಸೆಯಿರಿ, ಜಿಪುಣತನ ಮಾಡಬೇಡಿ.

ಕರಾವಳಿಗೆ ಇಳಿದ ಮೇಲೆ ಇನ್ನೂ ಸುಲಭ. ಸಣ್ಣ ಹೋಟೆಲಿನಲ್ಲಿ ಗಂಜಿ ಊಟ ಸಿಕ್ಕಿದರೆ ಬಿಡಬೇಡಿ. ಕುಚ್ಚಲಕ್ಕಿ ಗಂಜಿ, ಅದರ ತೆಳಿ, ಉಪ್ಪಿನಕಾಯಿ, ಒಂದು ಚಟ್ನಿ. ನೀರು, ಪಿಷ್ಟ, ಉಪ್ಪು ಮೂರೂ ಒಂದೇ ಬಟ್ಟಲಲ್ಲಿ. ಇದನ್ನೇ ಯಾರಾದರೂ ಪೊಟ್ಟಣಕ್ಕೆ ತುಂಬಿ ಇಂಗ್ಲಿಷ್ ಹೆಸರಿಟ್ಟು ಮುನ್ನೂರು ರೂಪಾಯಿ ಅಂದರೆ ನೀವು ಆರ್ಡರ್ ಮಾಡುತ್ತೀರಿ, ಅಲ್ವಾ? ಬನ್ಸ್, ಗೋಳಿಬಜೆ ಸಂಜೆಗೆ ಇರಲಿ. ಕರಿದದ್ದು ಹೊಟ್ಟೆಯಲ್ಲೇ ಕೂರುತ್ತದೆ. ಬೆಣ್ಣೆ ದೋಸೆಗೂ ಅದೇ ಮಾತು, ದಾವಣಗೆರೆಯವರು ಕ್ಷಮಿಸಬೇಕು.

ಬಾಟಲಿಗೆ ಹಾಕಲು ನಿಂಬೆ ಪಾನಕ ಸಾಕು. ಒಂದು ಲೀಟರ್ ನೀರಿಗೆ ಆರೆಂಟು ಟೀ ಚಮಚ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಎರಡನೇ ಬಾಟಲಿಯಲ್ಲಿ ಬರೀ ನೀರಿರಲಿ. ಸಿಹಿ ಸಾಕಾದಾಗ ಬೇಕಾಗುತ್ತದೆ, ತಲೆಗೆ ಸುರಿದುಕೊಳ್ಳಲೂ ಬೇಕು. ರಾತ್ರಿ ಲಾಡ್ಜ್‌ನಲ್ಲಿ ಬಾಟಲಿಯ ಮುಚ್ಚಳ ಬಿಚ್ಚಿ, ಮೂತಿಯ ಒಳಗೆ ಬೆರಳು ಹಾಕಿ ತೊಳೆಯಿರಿ. ಲೋಳೆ ಕೂರುವುದು ಅಲ್ಲೇ. ಪ್ರವಾಸದ ಎರಡನೇ ದಿನದ ಭೇದಿಗೆ ಎಷ್ಟೋ ಜನ ಹೋಟೆಲಿನವನನ್ನು ಬೈಯುತ್ತಾರೆ.

ಕೊನೆಗೆ ನಿಮ್ಮ ಗೆಳೆಯರಿಗೆ. ಯಾರಾದರೂ ವಾಂತಿ ಮಾಡುತ್ತಾ, ಊದಿಕೊಂಡು, ಹೊಟ್ಟೆ ಉಬ್ಬರಿಸಿ ಕೂತಿದ್ದರೆ, ದಿನವಿಡೀ ಚೆನ್ನಾಗಿ ಕುಡಿದವರೇ ಆಗಿದ್ದರೆ, ನೀರು ಕುಡಿಸಬೇಡಿ. ನುಂಗುವಂತಿದ್ದರೆ ಉಪ್ಪುಪ್ಪಾದ ಏನಾದರೂ ಕೊಡಿ. ಮಾತು ತಡವರಿಸಿದರೆ, ದಿಕ್ಕು ತಪ್ಪಿದಂತೆ ಆಡಿದರೆ ತಕ್ಷಣ ಆಸ್ಪತ್ರೆ. ಅಲ್ಲಿ ಹೋದ ಕೂಡಲೇ "ಇಷ್ಟು ಲೀಟರ್ ನೀರು ಕುಡಿದಿದ್ದಾರೆ, ಸೋಡಿಯಂ ನೋಡಿ" ಅಂತ ಬಾಯಿಬಿಟ್ಟು ಹೇಳಿ. ಅದು ಗೊತ್ತಿಲ್ಲದೆ ಹಾಕಿದ ಡ್ರಿಪ್ ಕೆಲವೊಮ್ಮೆ ಕೆಟ್ಟದ್ದನ್ನೇ ಮಾಡುತ್ತದೆ. ಮೈ ಬೆಂಕಿಯಂತೆ ಸುಡುತ್ತಾ ಗೊಂದಲವಿದ್ದರೆ ಅದು ಬಿಸಿಲಾಘಾತ. ಆಗ ಮೊದಲು ಮೈಮೇಲೆ ನೀರು ಸುರಿದು ತಂಪು ಮಾಡಿ, ಆಮೇಲೆ ಆಂಬುಲೆನ್ಸ್‌ಗೆ ಕಾಯಿರಿ.

ಪ್ರಶ್ನೆ: ಓಆರ್‌ಎಸ್ ಪ್ಯಾಕೆಟ್ ದಿನಕ್ಕೆ ಎಷ್ಟು?

ಉತ್ತರ: ಅದು ಭೇದಿಗೆ ಮಾಡಿದ ಔಷಧ. ಚೀಲದಲ್ಲಿ ಎರಡು ಪ್ಯಾಕೆಟ್ ಇರಲಿ, ಹೊಟ್ಟೆ ಕೆಟ್ಟ ದಿನಕ್ಕೆ. ಲೀಟರಿಗೆ ಅಂತ ಬರೆದಿರುವ ಪ್ಯಾಕೆಟ್ಟನ್ನು 750 ಮಿಲಿಲೀಟರ್ ಬಾಟಲಿಗೆ ಸುರಿಯಬೇಡಿ. ಮೆಡಿಕಲ್ ಶಾಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಬರೆದದ್ದನ್ನೇ ಕೇಳಿ ತೆಗೆದುಕೊಳ್ಳಿ. ಓಆರ್‌ಎಸ್ ಹೆಸರು ಅಂಟಿಸಿಕೊಂಡು ಸಕ್ಕರೆ ನೀರು ಮಾರುವ ಆಟ ಎಷ್ಟು ಬೆಳೆದಿತ್ತೆಂದರೆ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿ ಅದನ್ನು ನಿಲ್ಲಿಸಬೇಕಾಯಿತು.

ಪ್ರಶ್ನೆ: ಸಕ್ಕರೆ ಬದಲು ಬೆಲ್ಲ ಹಾಕಿದರೆ ಶಕ್ತಿ ಜಾಸ್ತಿಯಾ?

ಉತ್ತರ: ಇಲ್ಲ. ಬೆಲ್ಲದ ರುಚಿ ಇಷ್ಟವಿದ್ದರೆ ಹಾಕಿ.

ಪ್ರಶ್ನೆ: ಬೆಳಗ್ಗೆ ಖಾಲಿ ಹೊಟ್ಟೆಗೆ ತುಪ್ಪದ ಕಾಫಿ ಕುಡಿದು ಹೊರಟರೆ ಕೊಬ್ಬು ಕರಗಿ ಅದರಲ್ಲೇ ನೂರು ಕಿಲೋಮೀಟರ್ ಹೋಗಬಹುದು ಅಂತ ನಮ್ಮ ಜಿಮ್ ಕೋಚ್ ಹೇಳುತ್ತಾರೆ.

ಉತ್ತರ: ಅವರನ್ನೂ ಕರೆದುಕೊಂಡು ಹೋಗಿ. ಆಗುಂಬೆ ಘಾಟಿಯ ಬುಡದಲ್ಲಿ ಮತ್ತೆ ಕೇಳಿ.

ಪ್ರಶ್ನೆ: ಕಬ್ಬಿನ ಹಾಲು?

ಉತ್ತರ: ಹಾಲಿನ ಮೇಲೆ ದೂರಿಲ್ಲ, ಐಸಿನ ಮೇಲೆ ಇದೆ. ಐಸ್ ಬೇಡ ಅನ್ನಿ, ಲೋಟವನ್ನು ಅದ್ದಿ ತೆಗೆಯುವ ಬಕೆಟ್ಟನ್ನೂ ಒಮ್ಮೆ ನೋಡಿ.

ಪ್ರಶ್ನೆ: ಮೊಣಕಾಲು ನೋವು ಬರದಂತೆ ಬೆಳಗ್ಗೆಯೇ ಒಂದು ನೋವಿನ ಮಾತ್ರೆ ನುಂಗಿ ಹೊರಡುತ್ತೇನೆ. ತಿಂಡಿ ಆದ ಮೇಲೆಯೇ ತಗೋಬೇಕಾ?

ಉತ್ತರ: ತಗೋಲೇಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಬೆವರು ಹರಿಯುವ ದಿನ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಮೇಲೆ ಹೇಳಿದ ಸೋಡಿಯಂ ತೊಂದರೆಯ ಅಪಾಯವನ್ನೂ ಹೆಚ್ಚಿಸುತ್ತವೆ. ಸೀಟಿನ ಎತ್ತರ ಸರಿಮಾಡಿಸಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ ಇದೆ, ಇನ್ಸುಲಿನ್ ತೆಗೆದುಕೊಳ್ಳುತ್ತೇನೆ. ಐದು ದಿನದ ಪ್ರವಾಸಕ್ಕೆ ಡೋಸ್ ಎಷ್ಟು ಇಳಿಸಲಿ?

ಉತ್ತರ: ಪತ್ರ ನೋಡಿ ಡೋಸ್ ಹೇಳುವವರ ಹತ್ತಿರ ಹೋಗಬೇಡಿ, ನಾನೂ ಸೇರಿ. ನಿಮ್ಮ ಡಾಕ್ಟರ ಮುಂದೆ ದಿನದ ದೂರ, ಹೊರಡುವ ಹೊತ್ತು ಎಲ್ಲ ಬರೆದಿಟ್ಟು ಮಾತಾಡಿ. ಗ್ಲೂಕೋಸ್ ಚೀಲದಲ್ಲಿ ಬೇಡ, ಜೆರ್ಸಿಯ ಜೇಬಿನಲ್ಲಿರಲಿ. ಅದು ಯಾವ ಜೇಬು ಅಂತ ಜೊತೆಗಿರುವವರಿಗೂ ಗೊತ್ತಿರಲಿ. ಒಬ್ಬರೇ ಹೋಗಬೇಡಿ.