ಒಂದೇ ಸಿನಿಮಾ, ಎರಡು ಕ್ಲೈಮ್ಯಾಕ್ಸ್

ನಿಮ್ಮ ಪತ್ರ ಓದಿ ನಗು ಬಂತು, ಯಾಕಂದರೆ ಈ ಜಗಳ ನಮ್ಮ ಆಫೀಸಿನಲ್ಲೂ ಆಗಿದೆ. ‘ಲಿಟಲ್ ಶಾಪ್ ಆಫ್ ಹಾರರ್ಸ್’ ಸಿನಿಮಾದ ಕೊನೆಯಲ್ಲಿ ಹೀರೋ ಹೀರೋಯಿನ್ ಮದುವೆಯಾಗುತ್ತಾರೆ ಎಂದು ನೀವು, ಇಲ್ಲ, ಇಬ್ಬರನ್ನೂ ಗಿಡ ತಿಂದುಬಿಡುತ್ತದೆ ಎಂದು ನಿಮ್ಮ ಗೆಳೆಯ. ಜೊತೆಗೆ ಇನ್ನೆರಡು ಪ್ರಶ್ನೆ: ಮನುಷ್ಯರನ್ನು ತಿನ್ನುವ ಕಥೆಗೆ ಹಾಡು ಯಾಕೆ, ಮಕ್ಕಳಿಗೆ ತೋರಿಸಬಹುದಾ?

ನೀವಿಬ್ಬರೂ ಸರಿ. ಆ ಸಿನಿಮಾಗೆ ನಿಜವಾಗಿಯೂ ಎರಡು ಕ್ಲೈಮ್ಯಾಕ್ಸ್ ಇದೆ.

ನೋಡದವರಿಗಾಗಿ ಕಥೆ ಎರಡೇ ಮಾತಲ್ಲಿ: ಹೂವಿನ ಅಂಗಡಿಯಲ್ಲಿ ಕೆಲಸ ಮಾಡುವ ಬಡಪಾಯಿ ಸೀಮೋರ್‌ಗೆ ಒಂದು ವಿಚಿತ್ರ ಗಿಡ ಸಿಗುತ್ತದೆ. ಅದು ನೀರಿಗೆ ಬಗ್ಗಲ್ಲ, ರಕ್ತ ಬೇಕು. ಗಿಡ ಬೆಳೆದಂತೆ ಅಂಗಡಿಗೂ ಸೀಮೋರ್‌ಗೂ ಅದೃಷ್ಟ ಖುಲಾಯಿಸುತ್ತದೆ, ಗಿಡದ ಹಸಿವೂ ಜಾಸ್ತಿಯಾಗುತ್ತದೆ. 1960ರಲ್ಲಿ ರೋಜರ್ ಕಾರ್ಮನ್ ಕಡಿಮೆ ದುಡ್ಡಲ್ಲಿ, ಹೆಚ್ಚುಕಮ್ಮಿ ಎರಡೇ ದಿನದಲ್ಲಿ ಸುತ್ತಿದ ಸಿನಿಮಾ ಈ ಕಥೆಯ ಮೂಲ. 1982ರಲ್ಲಿ ಹೋವರ್ಡ್ ಆಶ್‌ಮನ್ ಮತ್ತು ಅಲನ್ ಮೆಂಕನ್ ಅದನ್ನು ಹಾಡುಗಳ ನಾಟಕ ಮಾಡಿದರು. ನೀವು ನೋಡಿದ್ದು ಫ್ರಾಂಕ್ ಆಜ್ ನಿರ್ದೇಶಿಸಿದ 1986ರ ಸಿನಿಮಾ.

ಈಗ ಹಾಡಿನ ವಿಷಯ. ಹಾಡು ತೆಗೆದುಬಿಡಿ, ಸೀಮೋರ್ ಒಬ್ಬ ಹೇಡಿ ಕೊಲೆಗಾರ, ಅಷ್ಟೇ. ಹೀರೋಯಿನ್ ಆಡ್ರಿಯ ಬಾಯ್‌ಫ್ರೆಂಡ್ ಆದ ದಂತವೈದ್ಯನ ಸೀನ್ ನೆನಪಿಸಿಕೊಳ್ಳಿ. ನಗೆ ಅನಿಲದ ಮಾಸ್ಕ್ ಮುಖಕ್ಕೆ ಸಿಕ್ಕಿಹಾಕಿಕೊಂಡು ಅವನು ನಗುನಗುತ್ತಲೇ ಸಾಯುತ್ತಾನೆ, ಸೀಮೋರ್ ಏನೂ ಮಾಡಲ್ಲ, ಸುಮ್ನೆ ನಿಂತು ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ಮುಂಚೆ ಅದೇ ವೈದ್ಯ ರೋಗಿಗಳಿಗೆ ನೋವು ಕೊಡುವುದೇ ತನಗೆ ಖುಷಿ ಎಂದು ಹಾಡಿದಾಗ ನಾವೂ ತಾಳ ಹಾಕಿರುತ್ತೇವೆ. ಹಾಗಾಗಿ ಅವನು ಸತ್ತಾಗ ಅಯ್ಯೋ ಅನ್ನಿಸಲ್ಲ, ಹೋಗಲಿ ಬಿಡು ಅನ್ನಿಸುತ್ತದೆ. ಗಿಡ ಸೀಮೋರ್‌ಗೆ ಮಾಡುವುದೂ ಇದನ್ನೇ: ಕಾರು ಬೇಕಾ, ಹೆಸರು ಬೇಕಾ, ಹುಡುಗಿ ಬೇಕಾ ಎಂದು ಹಾಡಿ ಹಾಡಿಯೇ ಅವನನ್ನು ಬುಟ್ಟಿಗೆ ಹಾಕಿಕೊಳ್ಳುತ್ತದೆ. ಅದಕ್ಕೆ ದನಿ ಕೊಟ್ಟವರು ಅಮೆರಿಕದ ಗಾಯಕರ ತಂಡ ಫೋರ್ ಟಾಪ್ಸ್‌ನ ಲೀವೈ ಸ್ಟಬ್ಸ್, ಆ ಕಂಠ ಕೇಳಿದರೆ ಯಾರಾದರೂ ಬೆರಳು ಕೊಯ್ದುಕೊಂಡಾರು.

ಆ ಗಿಡ ಕಂಪ್ಯೂಟರ್ ಗ್ರಾಫಿಕ್ಸ್ ಅಲ್ಲ, ಪೂರ್ತಿ ಬೊಂಬೆ. ದೊಡ್ಡದಾದ ಮೇಲೆ ಅದರ ಭಾರಕ್ಕೆ ತುಟಿ ಹಾಡಿನ ವೇಗದಲ್ಲಿ ಆಡುತ್ತಿರಲಿಲ್ಲ. ಅದಕ್ಕೆ ಸೆಕೆಂಡಿಗೆ 24 ಫ್ರೇಮ್ ಬದಲು 16, ಕೆಲವೆಡೆ 12 ಫ್ರೇಮ್‌ನಲ್ಲಿ ಶೂಟ್ ಮಾಡಿ, ತೆರೆಯ ಮೇಲೆ ಮಾಮೂಲಿ 24ರಲ್ಲೇ ಓಡಿಸಿದರು, ಆಗ ಎಲ್ಲವೂ ಬೇಗ ಬೇಗ ಆಡುತ್ತದೆ. ಅಂದರೆ ಗಿಡದ ಜೊತೆ ಒಂದೇ ಫ್ರೇಮ್‌ನಲ್ಲಿರುವಾಗ ಸೀಮೋರ್ ಪಾತ್ರದ ರಿಕ್ ಮೊರಾನಿಸ್ ನಿಧಾನವಾಗಿ ನಡೆಯಬೇಕು, ನಿಧಾನವಾಗಿ ಬೆಚ್ಚಿಬೀಳಬೇಕು, ನಿಧಾನಕ್ಕೆ ಎಳೆದ ಹಾಡಿಗೆ ತುಟಿ ಸೇರಿಸಬೇಕು. ಇನ್ನೊಂದು ಸಲ ನೋಡಿದರೂ ನಿಮಗೆ ಗೊತ್ತಾಗಲ್ಲ, ಬೆಟ್ ಕಟ್ಟುತ್ತೇನೆ.

ಕ್ಲೈಮ್ಯಾಕ್ಸ್‌ಗೆ ಬರೋಣ. ಮೊದಲು ತೆಗೆದದ್ದು ನಿಮ್ಮ ಗೆಳೆಯ ನೋಡಿದ್ದು, ನಾಟಕದಲ್ಲಿ ಇದ್ದಂತೆಯೇ. ಸಾಯುತ್ತಿರುವ ಆಡ್ರಿಯನ್ನು ಸೀಮೋರ್ ತಾನೇ ಎತ್ತಿಕೊಂಡು ಹೋಗಿ ಗಿಡದ ಬಾಯಿಗೆ ಇಡುತ್ತಾನೆ. ಆಮೇಲೆ ಅವನನ್ನೂ ನುಂಗಿ ಗಿಡ ಕನ್ನಡಕ ಮಾತ್ರ ಉಗುಳುತ್ತದೆ, ಊರೆಲ್ಲ ದೈತ್ಯ ಗಿಡಗಳದ್ದೇ ರಾಜ್ಯ. ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನದಲ್ಲಿ ಪ್ರತಿ ಹಾಡಿಗೂ ಚಪ್ಪಾಳೆ ತಟ್ಟಿದ ಜನ ಇಲ್ಲಿ ಮುಖ ಗಂಟು ಹಾಕಿಕೊಂಡರು. ನೀವು ನೋಡಿದ, ಮದುವೆಯ ಹೊಸ ಕೊನೆ ಶೂಟ್ ಆಯಿತು, ಹಳೆಯದು ಮೂಲೆಗೆ ಹೋಯಿತು. ಬಣ್ಣದಲ್ಲಿ ಸರಿಪಡಿಸಿ ಸಿನಿಮಾಗೆ ಮತ್ತೆ ಜೋಡಿಸಿದ್ದು 2012ರಲ್ಲಿ.

ಆಜ್ ಇದಕ್ಕೆ ಕೊಟ್ಟ ಕಾರಣ ನನಗೆ ಒಪ್ಪಿಗೆ: ನಾಟಕದಲ್ಲಿ ಸತ್ತವರು ಕೊನೆಗೆ ಎದ್ದು ಬಂದು ನಮಸ್ಕಾರ ಮಾಡುತ್ತಾರೆ, ಸಿನಿಮಾದಲ್ಲಿ ಸತ್ತವರು ಸತ್ತೇ ಹೋದರು. ಅದರ ಮೇಲೆ ಆಡ್ರಿಯಾಗಿ ಎಲೆನ್ ಗ್ರೀನ್! ಕ್ಯಾಮೆರಾ ಆ ಮುಖದ ಹತ್ತಿರ ಹೋದಾಗಲೆಲ್ಲ ತಮಾಷೆಯ ಪಾತ್ರ ಹೋಗಿ ನಿಜವಾದ ಹೆಂಗಸು ಕಾಣುತ್ತಾಳೆ. ಅವಳನ್ನು ಗಿಡಕ್ಕೆ ಹಾಕಿದರೆ ಯಾರು ತಾನೇ ಸುಮ್ಮನಿರುತ್ತಾರೆ? ಆದರೂ ನನ್ನ ವೋಟು ಹಳೆಯದಕ್ಕೇ. ಹೆಣ ಕಡಿದು ಗಿಡಕ್ಕೆ ಹಾಕಿದವನಿಗೆ ಹೆಂಡತಿ, ಮನೆ, ತೋಟ ಎಲ್ಲ ಸಿಕ್ಕರೆ ಲೆಕ್ಕ ಸರಿಹೋಗಲ್ಲ ಅಲ್ವಾ? ಆ ತೋಟದಲ್ಲಿ ಹಲ್ಲು ಕಿರಿಯುವ ಪುಟ್ಟ ಮೊಗ್ಗು ತೋರಿಸಿ ನಿರ್ದೇಶಕರೂ ಅರ್ಧ ಒಪ್ಪಿಕೊಂಡಿದ್ದಾರೆ.

ಮಕ್ಕಳ ವಿಷಯ: ಗಿಡಕ್ಕೆ ಅವರು ಅಷ್ಟು ಹೆದರಲಿಕ್ಕಿಲ್ಲ. ಆದರೆ ದಂತವೈದ್ಯ ಆಡ್ರಿಗೆ ಹೊಡೆಯುತ್ತಾನೆ, ಅದನ್ನೂ ಸಿನಿಮಾ ಅರ್ಧ ನಗೆಯಲ್ಲೇ ತೇಲಿಸುತ್ತದೆ. ಅಲ್ಲಿ ನನಗೂ ನಗು ಬರಲ್ಲ. ಹದಿಮೂರು ದಾಟಿದ ಮೇಲೆ, ನೀವೂ ಪಕ್ಕದಲ್ಲಿ ಕೂತು ತೋರಿಸಿ.