ಕೆನಡಾ ಪೌರತ್ವಕ್ಕೆ 1,095 ದಿನಗಳ ಲೆಕ್ಕ

ಕೆನಡಾದಲ್ಲಿ ಮೂರು ವರ್ಷ ಕಳೆದರೆ ಪೌರತ್ವ ತಾನಾಗಿಯೇ ಸಿಗುತ್ತದೆಯೇ, ಸಿಕ್ಕ ಮೇಲೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದೀರಿ. ಎರಡೂ ಆಗುವುದಿಲ್ಲ.

ಇಲ್ಲಿ ಹುಟ್ಟಿದ ಮಗುವಿಗೆ, ವಿದೇಶಿ ರಾಯಭಾರಿಗಳ ಮಕ್ಕಳನ್ನು ಬಿಟ್ಟರೆ, ಹುಟ್ಟಿನಿಂದಲೇ ಪೌರತ್ವ ಬರುತ್ತದೆ. ನಮ್ಮಂತೆ ದೊಡ್ಡವರಾದ ಮೇಲೆ ಬಂದವರು ಮೊದಲು ಪಿಆರ್, ಅಂದರೆ ಕಾಯಂ ನಿವಾಸದ ಹಕ್ಕು ಪಡೆದು, ನಂತರ ಅರ್ಜಿ ಸಲ್ಲಿಸಬೇಕು. ಕೆನಡಾದ ಪ್ರಜೆಯನ್ನು ಮದುವೆಯಾದವರಿಗೂ ಇದೇ ದಾರಿ.

ಅರ್ಜಿಗೆ ಮುಂಚಿನ 5 ವರ್ಷಗಳಲ್ಲಿ ನೀವು 1,095 ದಿನ ಈ ದೇಶದೊಳಗೆ ಇದ್ದಿರಬೇಕು. ಪಿಆರ್ ಸಿಗುವ ಮೊದಲು ವಿದ್ಯಾರ್ಥಿಯಾಗಿಯೋ ವರ್ಕ್ ಪರ್ಮಿಟ್ ಮೇಲೋ ಕಳೆದ ದಿನಗಳು ಅರ್ಧರ್ಧವಾಗಿ, ಗರಿಷ್ಠ 365ರವರೆಗೆ, ಲೆಕ್ಕಕ್ಕೆ ಬರುತ್ತವೆ. ಅಮ್ಮನ ಆರೈಕೆಗೆಂದು ನಾನು ಊರಿನಲ್ಲಿ ಉಳಿದ ನಾಲ್ಕು ತಿಂಗಳು ಈ ಲೆಕ್ಕಕ್ಕೆ ಸೇರಲಿಲ್ಲ. ಕೆನಡಾದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲವಾದ್ದರಿಂದ, ಊಟದ ಮೇಜಿನ ಮೇಲೆ ಹಳೆಯ ಪಾಸ್‌ಪೋರ್ಟ್ ಹರಡಿಕೊಂಡು, ಬೆಂಗಳೂರು ವಿಮಾನ ನಿಲ್ದಾಣದ ಮಸುಕಾದ ಮುದ್ರೆಗಳಿಂದ ಒಂದೊಂದೇ ತಾರೀಖನ್ನು ನೋಟ್‌ಬುಕ್ಕಿಗೆ ಇಳಿಸಿದ್ದೆ. ನೀವು ಪ್ರತಿ ಪ್ರಯಾಣದ ತಾರೀಖನ್ನೂ ಇಂದಿನಿಂದಲೇ ಬರೆದಿಡಿ, ಅರ್ಜಿ ಸಲ್ಲಿಸುವಾಗ ಕೆಲವು ದಿನ ಹೆಚ್ಚೇ ಇರಲಿ.

18ರಿಂದ 54 ವರ್ಷದವರಿಗೆ ಇಂಗ್ಲಿಷ್ ಅಥವಾ ಫ್ರೆಂಚ್ ಬರುತ್ತದೆಂಬ ದಾಖಲೆ ಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಪದವಿ ಮುಗಿಸಿದ ಅಂಕಪಟ್ಟಿಯನ್ನೂ ಒಪ್ಪುತ್ತಾರೆ. ಕೆನಡಾದ ಬಗ್ಗೆ ಕೇಳುವ ಪೌರತ್ವ ಪರೀಕ್ಷೆಯಲ್ಲಿ 20ಕ್ಕೆ 15 ಉತ್ತರ ಸರಿಯಾಗಬೇಕು, ಸರ್ಕಾರದ ಉಚಿತ ಪುಸ್ತಕವನ್ನು ಎರಡು ಸಲ ಓದಿದರೆ ಅದು ಕಷ್ಟವೇನಲ್ಲ.

ನಿಜವಾಗಿ ಯೋಚಿಸಬೇಕಾದದ್ದು ನಿಮ್ಮ ಎರಡನೆಯ ಪ್ರಶ್ನೆಯನ್ನು. ಕೆನಡಾ ಇಬ್ಬಗೆಯ ಪೌರತ್ವವನ್ನು ಒಪ್ಪಿದರೂ ಭಾರತ ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಕಲಮಿನ ಪ್ರಕಾರ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದ ಕ್ಷಣವೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟನ್ನು ಒಪ್ಪಿಸಿ ರದ್ದು ಮಾಡಿಸಿದ ಮೇಲೆ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಪಡೆಯಬಹುದು. ಅದರಿಂದ ಜೀವನಪೂರ್ತಿ ವೀಸಾ ಇಲ್ಲದೆ ಬಂದುಹೋಗಬಹುದು, ಆದರೆ ಮತದಾನದ ಹಕ್ಕಿಲ್ಲ, ಕೃಷಿ ಜಮೀನನ್ನೋ ತೋಟವನ್ನೋ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೂ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ, ಪೌತಿ ಖಾತೆಯ ಕೆಲಸವನ್ನು ಕೆನಡಾ ಪೌರತ್ವದ ಪ್ರಮಾಣವಚನಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಪ್ರಮಾಣವಚನದಿಂದ ಕೈಗೆ ಬರುವುದು ಪೌರತ್ವದ ಪ್ರಮಾಣಪತ್ರ ಮಾತ್ರ. ಕೆನಡಾದ ಪಾಸ್‌ಪೋರ್ಟಿಗೆ ಬೇರೆಯೇ ಅರ್ಜಿ ಹಾಕಬೇಕು, ಅದು ಬಂದು, ಒಸಿಐ ಅಥವಾ ವೀಸಾ ಸಿಗುವವರೆಗೂ ಭಾರತಕ್ಕೆ ಹೋಗುವಂತಿಲ್ಲ. ಊರಿನಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ, ಅವರನ್ನು ಒಮ್ಮೆ ನೋಡಿಕೊಂಡು ಬಂದ ಮೇಲೆ ಪ್ರಮಾಣ ಸ್ವೀಕರಿಸಿ.